ಹದಿನೇಳನೇ ಕಡ್ಡಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನಮ್ಮ ಬೀದಿಯ ದರ್ಜಿ ತನ್ನ ಅಂಗಡಿಯೆಂದುಕೊಂಡು ಪಕ್ಕದ ಕ್ಷೌರದಂಗಡಿಯ ಬೀಗಕ್ಕೆ ಕೀಲಿ ತೂರಿಸಿ, ಕಾಲು ಗಂಟೆ ತಿರುವಿ, ಬೀಗಕ್ಕೆ ರಾತ್ರೋರಾತ್ರಿ ತುಕ್ಕು ಹಿಡಿದಿದೆಯೆಂದು ಬೈಯುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ದೇವರು ಒಂದೊಂದು ದಿನ ಲೋಕವನ್ನು ಹೀಗೆ ಬಿಳಿ ಬಟ್ಟೆಯಿಂದ ಮುಚ್ಚಿಡುತ್ತಾನೆ. ಸ್ವಲ್ಪ ನಿಧಾನಿಸಿ, ಕಣ್ಣು ಬಿಟ್ಟು ನೋಡಿ ಹೆಜ್ಜೆಯಿಡಿ ಎಂದು ಹೇಳುವುದಕ್ಕೋ ಏನೋ. ನಮ್ಮ ಕಥೆಯ ಮನುಷ್ಯನಿಗೆ ಆ ಸೂಚನೆ ತಲುಪಲಿಲ್ಲ. ಅವನು ಸಸಿ ಮಾರುವವನ ಅಂಗಡಿಗೆ ಹೋಗಿ, ಬರಿಗೈಯಲ್ಲಿ, ಆದರೆ ತುಂಬಿದ ಎದೆಯಲ್ಲಿ ಹಿಂದಿರುಗುತ್ತಿದ್ದ.

"ಏನ್ರೀ ಕಡತಪ್ಪನವರೇ, ಸಸಿ ಎಲ್ಲಿ?" ಎಂದು ದರ್ಜಿ ಕೂತಲ್ಲಿಂದಲೇ ಕೇಳಿದ.

ಕಡತಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವನು ಒಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಕಡತವನ್ನೂ ಕಳೆದವನಲ್ಲ. ಯಾರಾದರೂ ಬಂದು ಹಳೆಯ ಕಾಗದ ಕೇಳಿದರೆ, ಕಣ್ಣು ಮುಚ್ಚಿ ಮೂರು ಸಲ ತುಟಿ ಅಲ್ಲಾಡಿಸಿ, ನೇರವಾಗಿ ಹೋಗಿ ಆ ಕಪಾಟಿನ ಆ ಅರೆಯಿಂದ ಅದನ್ನೇ ಎಳೆದು ತರುತ್ತಿದ್ದ. ಬೇರೆಯವರ ಕೋಣೆಗಳಲ್ಲಿ 'ಕಂಡುಬಂದಿಲ್ಲ' ಎಂಬ ರಬ್ಬರ್ ಮೊಹರು ಸವೆದು ಹೋಗಿತ್ತು. ಇವನ ಮೇಜಿನ ಮೇಲಿನ ಆ ಮೊಹರಿಗೆ ಇನ್ನೂ ಮಸಿ ತಾಗಿರಲಿಲ್ಲ. ಆ ಒಂದು ವಿಷಯದಲ್ಲಿ ಅವನಿಗೆ ಹೆಮ್ಮೆಯಿತ್ತು, ಮತ್ತು ಆ ಹೆಮ್ಮೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಶುರುವಾದದ್ದು ಅದು ಕಚೇರಿಯ ಹೊಸ್ತಿಲು ದಾಟಿ ಮನೆಗೆ ಬಂದಾಗ.

"ಸಸಿಯೇ? ಬೆರಳುದ್ದದ ಒಂದು ಟೊಮೇಟೊ ಸಸಿಗೆ ಅವನು ಹೇಳೋ ರೇಟು ಕೇಳಿದ್ರೆ ಆ ಸಸಿ ದೊಡ್ಡದಾಗಿ ನನ್ನ ಮಗಳ ಮದುವೆ ಮಾಡಿಸಬೇಕು. ಬೀಜ ಅಡುಗೆಮನೆಯಲ್ಲಿದೆ. ಮಣ್ಣು ದೇವರು ಕೊಟ್ಟಿದ್ದು, ನೀರು ನಲ್ಲಿಯಲ್ಲಿ ಬರತ್ತೆ, ಬಿಸಿಲಿಗೆ ಬಿಲ್ ಇಲ್ಲ. ಕುಂಡ ನಾನೇ ಕಾಗದದಲ್ಲಿ ಸುತ್ತುತೀನಿ. ಖರ್ಚಿಲ್ಲದೆ ಸಸಿ ಹೇಗೆ ಮಾಡೋದು ಅಂತ ಇಡೀ ಬೀದಿಗೆ ತೋರಿಸ್ತೀನಿ, ನೋಡ್ತಾ ಇರಿ!"

"ತೋರಿಸೋದು ಯಾಕೆ, ಕೊಟ್ಟೇಬಿಡಿ. ನನಗೆ ನಾಲ್ಕು ಮೆಣಸಿನ ಸಸಿ," ಎಂದ ದರ್ಜಿ.

ಮಂಜಿನಲ್ಲಿ ಒಂದು ತೊಂದರೆಯಿದೆ. ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಕಾಣುವುದಿಲ್ಲ. ಹಾಲಿಗೆ ನಿಂತವರು, ಕ್ಷೌರಿಕ, ಎದುರುಮನೆಯ ಟೀಚರಮ್ಮ, ಎಲ್ಲರ ದನಿಯೂ ಬಿಳಿ ಗೋಡೆಯೊಳಗಿಂದ ಬಂತು. "ನನಗೆರಡು ಬದನೆ!" "ನನಗೆ ಚೆಂಡುಹೂ ಇರಲಿ!" ಕೊನೆಗೆ ಎಲ್ಲಕ್ಕಿಂತ ಮೇಲಿನಿಂದ, ಆಕಾಶವಾಣಿಯಂತೆ, ಎರಡನೇ ಮಹಡಿಯ ಮನೆ ಮಾಲೀಕರ ದನಿ ಬಂತು.

"ನನ್ನ ಕಟ್ಟಡದಲ್ಲಿ ಒಂದು ಚಿಟಿಕೆ ಮಣ್ಣು ಬಿದ್ರೆ ಮನೆ ಖಾಲಿ ಮಾಡಿಸ್ತೀನಿ. ತಾರಸಿಗಂತೂ ಕಾಲಿಡಬೇಡಿ. ಬೀಗ ಹಾಕಿದ್ದೀನಿ."

ಆ ಕಟ್ಟಡದಲ್ಲಿ ಮೂರು ಮನೆ. ನೆಲಮಹಡಿಯಲ್ಲಿ ಒಬ್ಬ ವಯಸ್ಸಾದ ತಾಯಿ, ಮೊದಲ ಮಹಡಿಯಲ್ಲಿ ಕಡತಪ್ಪನ ಸಂಸಾರ, ಎರಡನೆಯದರಲ್ಲಿ ಮಾಲೀಕರು ಒಬ್ಬರೇ, ಅದರ ಮೇಲೆ ಬೀಗ ಬಿದ್ದ ತಾರಸಿ. ಕಡತಪ್ಪನಿಗೆ ಉಳಿದದ್ದು ಅವನ ಬಾಗಿಲ ಮುಂದಿನ ಮೆಟ್ಟಿಲ ಕಟ್ಟೆ. ಅಲ್ಲೊಂದು ದೊಡ್ಡ ಕಿಟಕಿ, ಬೆಳಗಿನ ಹೊತ್ತು ಒಳ್ಳೆಯ ಬಿಸಿಲು. ಅಷ್ಟು ಸಾಕು ಎಂದುಕೊಂಡ.

ಆ ಭಾನುವಾರ ಅವನು ಕಚೇರಿಯಿಂದ ರದ್ದಿಗೆ ಹೋಗಲಿದ್ದ, ಚಲಾವಣೆ ತಪ್ಪಿದ ಖಾಲಿ ಫಾರಂಗಳ ಕಟ್ಟನ್ನು ಬಿಚ್ಚಿ ಕೂತ. ಒಂದು ಲೋಟದ ಸುತ್ತ ಫಾರಂ ಸುತ್ತಿ, ತಳ ಮಡಿಚಿ, ಲೋಟ ಎಳೆದರೆ ಒಂದು ಕುಂಡ ಸಿದ್ಧ. ಸಸಿ ದೊಡ್ಡದಾದ ಮೇಲೆ ಕಾಗದದ ಸಮೇತ ನೆಲಕ್ಕಿಟ್ಟರಾಯಿತು, ಕಾಗದ ಮಣ್ಣಲ್ಲಿ ಕರಗುತ್ತದೆ. ಹೀಗೆ ಇಪ್ಪತ್ನಾಲ್ಕು ಕುಂಡಗಳಾದವು. ಅವುಗಳ ಮೈಮೇಲೆ 'ರಜೆಯ ಕಾರಣ', 'ಮೇಲಧಿಕಾರಿಯ ಷರಾ' ಎಂಬ ಅಕ್ಷರಗಳು ಸುತ್ತಲೂ ಓಡುತ್ತಿದ್ದವು. ಗುರುತಿನ ಕಡ್ಡಿಗೆ ಮಾತ್ರ ಏನು ಮಾಡುವುದೆಂದು ಯೋಚಿಸಿ, ಐಸ್‌ಕ್ಯಾಂಡಿ ಕಡ್ಡಿಯೇ ಸರಿಯೆಂದು ತೀರ್ಮಾನಿಸಿ, ನಾಲ್ಕು ದಿನದಲ್ಲಿ ಇಪ್ಪತ್ನಾಲ್ಕು ಐಸ್‌ಕ್ಯಾಂಡಿ ತಿಂದ. ಐದನೇ ದಿನ ಗಂಟಲು ಕಟ್ಟಿ ಡಾಕ್ಟರ ಬಳಿ ಹೋಗಬೇಕಾಯಿತು.

"ಸಸಿ ಅಂಗಡಿಯವನಿಗೆ ಕೊಡದೇ ಇದ್ದಿದ್ದನ್ನ ಡಾಕ್ಟರಿಗೆ ಕೊಟ್ಟು ಬಂದ್ರಿ. ಈಗ ಹೇಳಿ, ಬಿಸಿಲಿಗೆ ಬಿಲ್ ಇಲ್ಲ ಅಂತ," ಎಂದಳು ಹೆಂಡತಿ, ಬಿಸಿನೀರಿನ ಲೋಟ ಕುಕ್ಕುತ್ತ.

ಅವನಿಗೆ ಮಾತಾಡಲು ದನಿಯಿರಲಿಲ್ಲ. ಸುಮ್ಮನೆ ಕಡ್ಡಿಗಳ ಮೇಲೆ ಬರೆಯತೊಡಗಿದ. ಬರೆದದ್ದು ಗಿಡದ ಹೆಸರನ್ನಲ್ಲ. ಹೆಸರು ಬರೆಯುವುದು ಸಾಮಾನ್ಯರ ಕೆಲಸ. ಅವನು ಒಂದರಿಂದ ಇಪ್ಪತ್ನಾಲ್ಕರ ತನಕ ಬರೀ ಸಂಖ್ಯೆ ಬರೆದು, ಯಾವ ಸಂಖ್ಯೆಗೆ ಯಾವ ಬೀಜ, ಯಾರಿಗೆ ಸಲ್ಲತಕ್ಕದ್ದು ಎಂಬುದನ್ನು ಉದ್ದನೆಯ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ನಮೂದಿಸುತ್ತ ಹೋದ.

ಆ ಸಂಜೆಯೇ ನೆಲಮಹಡಿಯ ತಾಯಿ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರ ಗಂಡ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು, ತೀರಿಕೊಂಡು ಎಂಟು ವರ್ಷವಾಗಿತ್ತು. ಬೀದಿಯವರು ಇವರನ್ನು ಸಿಗ್ನಲಮ್ಮ ಎಂದೇ ಕರೆಯುತ್ತಿದ್ದರು. ಕಣ್ಣಿಗೆ ಪೊರೆ ಬಂದು, ಎಲ್ಲ ಋತುವಿನಲ್ಲೂ ಅವರಿಗೆ ಮಂಜೇ. ಕೈಯಲ್ಲೊಂದು ಪುಟ್ಟ ತಗಡಿನ ಡಬ್ಬಿ ಹಿಡಿದಿದ್ದರು.

"ಇದರಲ್ಲಿ ಏಳು ಬೀಜ ಇದೆಯಪ್ಪ. ನಮ್ಮ ಮನೆಯವರು ಬೆಳೀತಿದ್ದ ಟೊಮೇಟೊ. ಹಳದಿ ಬಣ್ಣ, ಕೊರಳಿನ ಸುತ್ತ ಹಸಿರು ಪಟ್ಟಿ. ಅದಕ್ಕೆ ಅವರು ಹಳದಿ ದೀಪ ಅಂತಿದ್ರು. ರೈಲಿಗೆ ಹಳದಿ ದೀಪ ಹಾಕಿದ್ರೆ ನಿಧಾನವಾಗಿ, ನೋಡ್ಕೊಂಡು ಬಾ ಅಂತ ಅರ್ಥವಂತೆ."

"ಎಲ್ಲೂ ಸಿಗಲ್ವಾ ಅಮ್ಮ ಇದು?" ಎಂದ ಕಡತಪ್ಪ, ಪಿಸುದನಿಯಲ್ಲಿ.

"ಎಲ್ಲಿಂದ ಸಿಗಬೇಕು? ತಾರಸಿ ಮೇಲೆ ಹತ್ತು ಕುಂಡ ಇಟ್ಟಿದ್ರು. ಅವರು ಆಸ್ಪತ್ರೆಯಲ್ಲಿದ್ದಾಗ ಮಾಲೀಕರು ತಾರಸಿ ಸೋರತ್ತೆ ಅಂತ ಎಲ್ಲ ತೆಗೆಸಿ ಹಾಕಿಸಿದ್ರು. ನಮ್ಮ ಹತ್ತಿರ ಇದ್ದ ತಾರಸಿ ಕೀಲಿನೂ ವಾಪಸ್ ತಗೊಂಡ್ರು, ಇವರ ರೈಲ್ವೆ ಬಿಲ್ಲೆ ಸಮೇತ. ಅವತ್ತು ನನ್ನ ಅಡುಗೆಮನೆಯಲ್ಲಿ ಒಂದೇ ಒಂದು ಹಣ್ಣು ಉಳಿದಿತ್ತು. ಅದರದ್ದು ಇದು." ತಾಯಿ ಡಬ್ಬಿಯನ್ನು ಅವನ ಕೈಯಲ್ಲಿಟ್ಟು ತಮ್ಮ ಎರಡೂ ಕೈಯಿಂದ ಅವನ ಮುಷ್ಟಿ ಮುಚ್ಚಿದರು. "ನನ್ನ ಕೈ ನಡುಗತ್ತೆ, ಕಣ್ಣು ಕಾಣಲ್ಲ. ಇನ್ನೊಂದು ವರ್ಷ ಇಟ್ರೆ ಬೀಜ ಸತ್ತೇಹೋಗತ್ತೆ. ನೀನು ಒಂದು ಕಾಗದವನ್ನೂ ಕಳೆದವನಲ್ಲ ಅಂತ ಎಲ್ಲರೂ ಹೇಳ್ತಾರೆ."

ಕಡತಪ್ಪ ಕಟ್ಟಿದ ಗಂಟಲಲ್ಲೇ ಮಾತು ಕೊಟ್ಟ. ಏಳು ಬೀಜಗಳನ್ನು ಮೂರು ಕುಂಡಕ್ಕೆ ಹಂಚಿದ. ಅವಕ್ಕೆ ಬಿದ್ದ ಸಂಖ್ಯೆ ಹದಿನಾರು, ಹದಿನೇಳು, ಹದಿನೆಂಟು.

ಬೀಜ ಮೊಳೆಯುವುದನ್ನು ಕಾಯುವ ಮನುಷ್ಯ ತನಗೆ ಗೊತ್ತಿಲ್ಲದೆಯೇ ಪ್ರಾರ್ಥನೆ ಮಾಡುತ್ತಿರುತ್ತಾನೆ. ಮಣ್ಣಿನ ಕೆಳಗೆ ಏನು ನಡೆದಿದೆಯೆಂದು ಕಾಣುವುದಿಲ್ಲ, ಕೇಳುವಂತಿಲ್ಲ, ಅವಸರ ಮಾಡುವಂತಿಲ್ಲ. ಕಡತಪ್ಪ ದಿನಕ್ಕೆ ನಾಲ್ಕು ಸಲ ಕಟ್ಟೆಯ ಬಳಿ ಮಂಡಿಯೂರಿ ನೋಡುತ್ತಿದ್ದ. ಒಂಬತ್ತನೇ ದಿನ ಹಸಿರು ತಲೆಗಳು ಎದ್ದವು. ಸಿಗ್ನಲಮ್ಮನ ಏಳರಲ್ಲಿ ನಾಲ್ಕು ಬೀಜ ಮಲಗಿಯೇಬಿಟ್ಟವು. ಆದರೆ ಮೂರು ಕುಂಡದಲ್ಲೂ ಒಂದೊಂದು ಎದ್ದು ನಿಂತಿತು. ಅವನು ಮೂರು ಮೂರು ಮೆಟ್ಟಿಲು ಹಾರುತ್ತ ಕೆಳಗೆ ಓಡಿ, ಹದಿನಾರು, ಹದಿನೇಳು, ಹದಿನೆಂಟು ಮೂರೂ ಎದ್ದಿವೆ ಎಂದು ಕೂಗಿ ಹೇಳಿದ. ತಾಯಿ ಕೈ ಮುಗಿದರು. ಮೇಲಿನ ಮಹಡಿಯಲ್ಲಿ ಒಂದು ಬಾಗಿಲು ಸದ್ದಾಗದಂತೆ ಮುಚ್ಚಿಕೊಂಡಿತು.

ಅಲ್ಲಿಂದ ಮುಂದೆ ಕಡತಪ್ಪನ ಆಡಳಿತ ಶುರುವಾಯಿತು. ಕಿಟಕಿಯ ಬಿಸಿಲು ಮುಂದಿನ ಸಾಲಿಗೆ ಹೆಚ್ಚು, ಹಿಂದಿನ ಸಾಲಿಗೆ ಕಡಿಮೆ. ಇದು ಅನ್ಯಾಯವೆಂದು ಅವನು ದಿನಾ ಬೆಳಿಗ್ಗೆ ಕುಂಡಗಳಿಗೆ ವರ್ಗಾವಣೆ ಮಾಡುತ್ತಿದ್ದ. ನಿನ್ನೆ ಬಿಸಿಲಲ್ಲಿದ್ದವರು ಇವತ್ತು ನೆರಳಿಗೆ, ನೆರಳಲ್ಲಿದ್ದವರು ಬಿಸಿಲಿಗೆ. ವಾರ ಕಳೆಯುವಷ್ಟರಲ್ಲಿ ಒಂದರ ಪಕ್ಕ ಹತ್ತೊಂಬತ್ತು, ಅದರ ಹಿಂದೆ ಎಂಟು ಬಂದು ನಿಂತವು. ಕಡ್ಡಿಯಿರುವಾಗ ಚಿಂತೆಯೇನು? ಅವನು ಎಲೆ ನೋಡುತ್ತಿರಲಿಲ್ಲ. ಕಡ್ಡಿ ನೋಡಿ ಹಾಜರಿ ಹಾಕುತ್ತಿದ್ದ.

ಮೂರನೇ ವಾರ ಮತ್ತೆ ಮಂಜು ಕವಿದ ಒಂದು ಬೆಳಿಗ್ಗೆ ಹಾಜರಿಯಲ್ಲಿ ಒಂದು ತಲೆ ಕಡಿಮೆ ಬಂತು. ಇಪ್ಪತ್ಮೂರು! ಮತ್ತೆ ಎಣಿಸಿದ. ಮೂಲೆಯಲ್ಲಿ, ಚಪ್ಪಲಿಗಳ ನಡುವೆ, ಕೊಡೆಯೊಳಗೆ ಹುಡುಕಿದ. ಹದಿನೇಳನೆಯ ಕುಂಡ ಕಡ್ಡಿಯ ಸಮೇತ ಮಾಯವಾಗಿತ್ತು.

"ಬೆಕ್ಕು ಇರಬೇಕು," ಎಂದಳು ಹೆಂಡತಿ.

"ಬೆಕ್ಕು ಕುಂಡ ಹೊತ್ಕೊಂಡು ಹೋಗತ್ತಾ?"

"ನೀವು ನಂಬರ್ ಕೊಟ್ಟ ಮೇಲೆ ಅದಕ್ಕೂ ಬೆಲೆ ಬಂದಿರಬೇಕು."

ಅವನು ರಿಜಿಸ್ಟರ್ ತೆಗೆದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ಕೈ 'ಕಂಡುಬಂದಿಲ್ಲ' ಎಂದು ಬರೆಯಿತು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಕೆಳಗೆ ಹೋಗಿ ಹೇಳೋಣವೆಂದು ಎರಡು ಮೆಟ್ಟಿಲು ಇಳಿದ. ಇನ್ನೆರಡು ಇವೆಯಲ್ಲ ಎಂದುಕೊಂಡು ಎರಡು ಮೆಟ್ಟಿಲು ಹತ್ತಿದ. ನಾವೆಲ್ಲರೂ ಒಂದಲ್ಲ ಒಂದು ದಿನ ಹತ್ತಿರುವ ಮೆಟ್ಟಿಲುಗಳೇ ಅವು.

ಅದರ ಮರುದಿನ ಹೆಂಡತಿಯ ತಮ್ಮ ಸಂಸಾರ ಸಮೇತ ಊಟಕ್ಕೆ ಬರುವುದಿತ್ತು. ಕಡತಪ್ಪ ಕಚೇರಿಗೆ ಹೋಗಿದ್ದ. ಹೆಂಡತಿ ಮನೆ ಗುಡಿಸಿ, ಒರೆಸಿ, ಮೆಟ್ಟಿಲು ತೊಳೆಯುತ್ತ ಕಟ್ಟೆಯ ಕಡೆ ನೋಡಿದಳು. ಕಡ್ಡಿಗಳ ಮೇಲೆಲ್ಲ ಮಣ್ಣು, ಪಾಚಿ. ತವರಿನವರು ನೋಡಿದರೆ ಏನೆಂದುಕೊಳ್ಳುತ್ತಾರೆ? ಎಲ್ಲ ಕಡ್ಡಿಗಳನ್ನೂ ಕಿತ್ತು, ಪಾತ್ರೆ ತಿಕ್ಕುವ ನಾರಿನಿಂದ ಹಗುರವಾಗಿ ಉಜ್ಜಿ, ಒಣಗಿಸಿ, ವಾಪಸ್ ನೆಟ್ಟಳು. ಕಡ್ಡಿಯ ಮೇಲಿನ ಸಂಖ್ಯೆ ಒಂದೂ ಅಳಿಸಲಿಲ್ಲ. ಅಷ್ಟರಮಟ್ಟಿಗೆ ಆಕೆ ಜೋಪಾನದ ಹೆಂಗಸು. ಆಕೆ ದಾಖಲೆ ಗುಮಾಸ್ತನ ಹೆಂಡತಿಯೂ ಹೌದು. ಅಸ್ತವ್ಯಸ್ತವಾಗಿದ್ದ ಸಂಖ್ಯೆಗಳನ್ನು ಕಂಡು ಗಂಡನ ಮೇಲೆ ಕರುಣೆ ಹುಟ್ಟಿ, ಮೊದಲ ಸಾಲಿನ ಎಡ ತುದಿಯಿಂದ ಶುರುಮಾಡಿ ಒಂದು, ಎರಡು, ಮೂರು ಎಂದು ಕ್ರಮವಾಗಿ, ಶಿಸ್ತಾಗಿ ಚುಚ್ಚುತ್ತ ಹೋದಳು. ಹದಿನೇಳು ಹೇಗೂ ಇರಲಿಲ್ಲ.

ಸಂಜೆ ಕಡತಪ್ಪ ಬಂದು ನೋಡಿ ನಿಂತುಬಿಟ್ಟ.

"ಎಷ್ಟು ಚೆನ್ನಾಗಿ ಜೋಡಿಸಿದ್ದೀಯ!" ಎಂದ. ಅವಳು ಕುಂಡಗಳನ್ನೇ ಹುಡುಕಿ ಸಾಲಾಗಿಟ್ಟಳೆಂದು ಅವನು ತಿಳಿದ.

"ಮತ್ತೆ? ನಿಮ್ಮ ಕೈಲಿ ಬಿಟ್ರೆ ಆಗತ್ತಾ?" ಎಂದಳು ಅವಳು. ಅವನು ಹೊಗಳಿದ್ದು ಕಡ್ಡಿಗಳನ್ನೆಂದು ಅವಳು ತಿಳಿದಳು. ಅಪರೂಪಕ್ಕೊಮ್ಮೆ ಗಂಡ ಹೆಂಡತಿ ಪರಸ್ಪರ ಮೆಚ್ಚಿಕೊಂಡಾಗ ಯಾರೂ ಹೆಚ್ಚು ವಿಚಾರಿಸುವುದಿಲ್ಲ.

ವಿತರಣೆಯ ದಿನ ಕಡತಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಟ್ಟಡದ ಬಾಗಿಲಲ್ಲಿ ಮೇಜು ಹಾಕಿ, ರಿಜಿಸ್ಟರ್ ತೆರೆದು ಕೂತ. ಪ್ರತಿಯೊಬ್ಬರೂ ಸಹಿ ಮಾಡಿ ಸಸಿ ಪಡೆಯಬೇಕು. ದರ್ಜಿ ತನ್ನ ಕುಂಡವನ್ನು ಮೂಗಿಗೆ ಹಿಡಿದ.

"ಇದು ಚೆಂಡುಹೂವಿನ ವಾಸನೆ ಅಲ್ವೇನ್ರೀ?"

"ಸಂಖ್ಯೆ ಎಷ್ಟು?"

"ಮೂರು."

"ಮೂರು, ಮೆಣಸು. ಇಲ್ಲಿ ನೋಡಿ, ಕೆಂಪು ಗೆರೆ ಎಳೆದು ಬರೆದಿದೆ."

"ಆದ್ರೂ ಎಲೆ ನೋಡಿದ್ರೆ..."

"ಎಲೆ ದಿನಕ್ಕೊಂದು ಥರ ಕಾಣತ್ತೆ. ಬರವಣಿಗೆ ಬದಲಾಗಲ್ಲ."

ದರ್ಜಿ ಸಹಿ ಹಾಕಿದ. ಬರೆದದ್ದರ ಎದುರು ನಮ್ಮ ಜನ ಮೂಗನ್ನೂ ನಂಬುವುದಿಲ್ಲ. ಬಾಮೈದ ಬದನೆ ಕೇಳಿದ್ದ, ಒಂದು ಕುಂಡ ಒಯ್ದ. ಕಚೇರಿಯ ಮೇಲಧಿಕಾರಿ ಕಿಟಕಿಗೆ ಚೆಂಡುಹೂ ಬೇಕೆಂದಿದ್ದರು, ಅವರದ್ದೊಂದನ್ನು ತೆಗೆದಿಟ್ಟ. ಕೊನೆಗೆ ಸಿಗ್ನಲಮ್ಮ ಬಂದರು. ಅವನು ಎದ್ದು ನಿಂತು, ಹದಿನಾರು ಮತ್ತು ಹದಿನೆಂಟನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅವರು ಬೆರಳ ತುದಿಯಿಂದ ಎಲೆಗಳನ್ನು ಸವರಿದರು.

"ಎಲೆ ಸ್ವಲ್ಪ ಅಗಲ ಅನ್ನಿಸ್ತಿದೆಯಪ್ಪ."

"ಮಣ್ಣು ಚೆನ್ನಾಗಿದೆ ಅಮ್ಮ. ಅದಕ್ಕೇ."

"ಮುಟ್ಟಿದ್ರೆ ಕೈಗೆ ವಾಸನೆ ಹತ್ತಬೇಕಿತ್ತು."

"ಇನ್ನೂ ಎಳೆಯದು."

"ಹೌದೇನೋ. ನೀನು ಬರೆದಿಟ್ಟಿದ್ದೀಯಲ್ಲ, ಸರಿಯಾಗೇ ಇರತ್ತೆ," ಎಂದು ಅವರು ಎರಡು ಕುಂಡಗಳನ್ನೂ ಎದೆಗೊತ್ತಿಕೊಂಡು ಒಳಗೆ ಹೋದರು. ಮಾಲೀಕರು ಮೇಲಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದರು. "ಸರ್, ತಮಗೊಂದು?" ಎಂದು ಕಡತಪ್ಪ ಕೇಳಿದ್ದಕ್ಕೆ, "ಕಸ! ಮೆಟ್ಟಿಲು ಗುಡಿಸಿ ಹೋಗಿ," ಎಂದು ಬೆನ್ನು ತಿರುಗಿಸಿದರು.

ಎರಡೂವರೆ ತಿಂಗಳು ಬೀದಿ ಶಾಂತವಾಗಿತ್ತು. ಆಮೇಲೆ ಗಿಡಗಳು ಒಂದೊಂದಾಗಿ ಬಾಯಿಬಿಟ್ಟವು. ದರ್ಜಿಯ ಮೆಣಸಿನ ಗಿಡದಲ್ಲಿ ಮುಷ್ಟಿಗಾತ್ರದ ಚೆಂಡುಹೂ ಅರಳಿತು. "ಇದನ್ನ ಒಗ್ಗರಣೆಗೆ ಹಾಕಲೇನ್ರೀ?" ಎಂದು ಅವನು ಅಂಗಡಿಯಿಂದಲೇ ಕೂಗಿದ. ಟೀಚರಮ್ಮನ ಚೆಂಡುಹೂವಿನಲ್ಲಿ ಟೊಮೇಟೊ ತೂಗಿತು. ಆಕೆ ಬೇಸರಪಡದೆ, "ಪರವಾಗಿಲ್ಲ, ತಿನ್ನೋದಕ್ಕಾದ್ರೂ ಬಂತು," ಎಂದರು. ಕ್ಷೌರಿಕ ತನ್ನ ಬದನೆ ಗಿಡದಲ್ಲಿ ಬಿಟ್ಟ ಮೆಣಸಿನಕಾಯಿ ಮುರಿದು, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡು ಎರಡು ದಿನ ಕತ್ತರಿ ಹಿಡಿಯಲಿಲ್ಲ. ಕಡತಪ್ಪ ಎಲ್ಲರಿಗೂ ರಿಜಿಸ್ಟರ್ ತೋರಿಸಿ, ತಪ್ಪು ಗಿಡದ್ದೆಂದು ವಾದಿಸಿದ.

ಆಗೊಂದು ಬೆಳಿಗ್ಗೆ ಸಿಗ್ನಲಮ್ಮ ಅವನನ್ನು ಕರೆಸಿದರು. ಅವರ ಕಿಟಕಿಯ ಬಳಿ ಎರಡು ಗಿಡ ದಷ್ಟಪುಷ್ಟವಾಗಿ ನಿಂತಿದ್ದವು. ಒಂದರಲ್ಲಿ ನೇರಳೆ ಹೂ, ಇನ್ನೊಂದರಲ್ಲಿ ಹೆಬ್ಬೆರಳುದ್ದದ ಬದನೆಕಾಯಿ.

"ನನಗೆ ಸರಿಯಾಗಿ ಕಾಣಲ್ಲ. ನೀನೇ ನೋಡಿ ಹೇಳು," ಎಂದರು ತಾಯಿ. "ಹೂ ಯಾವ ಬಣ್ಣ?"

ಕಡತಪ್ಪ ಮೊದಲ ಬಾರಿಗೆ ಗಿಡವನ್ನು ನೋಡಿದ. ಹಳದಿ ಎಂದು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ನೇರಳೆ ಅಮ್ಮ."

"ಹೂಂ," ಎಂದರು ಅವರು. ಅಷ್ಟೇ. ಬೈದಿದ್ದರೆ ಅವನು ರಿಜಿಸ್ಟರ್ ತರುತ್ತಿದ್ದ.

ಮನೆಗೆ ಬಂದು ಹೆಂಡತಿಯ ಮುಂದೆ ಕೂತು, "ಕುಂಡಗಳನ್ನ ಅವತ್ತು ಸರಿಯಾಗಿ ನೋಡಿ ಜೋಡಿಸಿದ್ದೆ ತಾನೇ?" ಎಂದ.

"ಕುಂಡ ನಾನು ಮುಟ್ಟೇ ಇಲ್ಲ. ಕಡ್ಡಿ ತೊಳೆದು ಸಾಲಾಗಿ ನೆಟ್ಟೆ."

"ಯಾವ ಸಾಲು?"

"ಒಂದು, ಎರಡು, ಮೂರು! ಬೇರೆ ಯಾವ ಸಾಲಿದೆ ಲೋಕದಲ್ಲಿ? ನೀವೇ ಅಲ್ವಾ ಎಷ್ಟು ಚೆನ್ನಾಗಿದೆ ಅಂದಿದ್ದು?"

ಕಡತಪ್ಪ ಗೋಡೆಗೊರಗಿದ. ಅವಳ ಮೇಲೆ ಕೂಗಾಡಬೇಕೆನ್ನಿಸಿತು. ಆದರೆ ಕಡ್ಡಿ ನೆಟ್ಟದ್ದು ಅವಳಾದರೂ, ಅಷ್ಟು ದಿನ ಎಲೆ ನೋಡದೆ ಇದ್ದವನು ಯಾರು? ಹೆಸರು ಬರೆಯದೆ ಸಂಖ್ಯೆ ಬರೆದವನು ಯಾರು? ನ್ಯಾಯವಂತನಾದ್ದರಿಂದ ಸುಮ್ಮನಾದ. ಅಷ್ಟು ಹೊತ್ತಿಗೆ ಅವಳೇ, "ಏಳಿ, ಹುಡುಕಿ. ಟೊಮೇಟೊ ಒಟ್ಟು ಎಷ್ಟಿತ್ತು?" ಎಂದಳು.

ಟೊಮೇಟೊ ಒಟ್ಟು ಆರು ಕುಂಡ. ಮೂರು ಅಡುಗೆಮನೆಯ ಬೀಜದವು, ಮೂರು ಸಿಗ್ನಲಮ್ಮನವು. ಹದಿನೇಳು ಕಳೆದುಹೋಗಿತ್ತು. ಉಳಿದ ಐದು ಬೀದಿಯಲ್ಲೆಲ್ಲೋ ಇದ್ದವು. ಅವುಗಳಲ್ಲಿ ಎರಡು ಹಳದಿ ದೀಪ.

ಕಡತಪ್ಪ ಮನೆ ಮನೆಗೆ ಹೋಗಿ ಗಿಡ ಇಣುಕತೊಡಗಿದ. ಹೆಗಲಲ್ಲಿ ಜೋಳಿಗೆ, ಕಂಕುಳಲ್ಲಿ ರಿಜಿಸ್ಟರ್, ಬಾಯಲ್ಲಿ "ಸ್ವಲ್ಪ ಗಿಡ ನೋಡಬೇಕಿತ್ತು". ಮಧ್ಯಾಹ್ನದೊಳಗೆ, ಕಡತಪ್ಪ ಕೊಟ್ಟದ್ದನ್ನೆಲ್ಲ ವಾಪಸ್ ಕಿತ್ತುಕೊಂಡು ಹೋಗುತ್ತಿದ್ದಾನೆ ಎಂಬ ಸುದ್ದಿ ಅವನಿಗಿಂತ ಒಂದು ಮನೆ ಮುಂದೆ ಓಡುತ್ತಿತ್ತು. ದರ್ಜಿ ತನ್ನ ಚೆಂಡುಹೂವಿನ ಮೇಲೆ ಹೊಲಿಯಲು ಬಂದಿದ್ದ ಪರದೆ ಹೊದಿಸಿದ. ಕ್ಷೌರಿಕ ಖಾರದ ಗಿಡವನ್ನು ಕುರ್ಚಿಯಲ್ಲಿ ಕೂರಿಸಿ, ಬಿಳಿ ಬಟ್ಟೆ ಕಟ್ಟಿ, "ಗಿರಾಕಿ ಇದ್ದಾರೆ, ಆಮೇಲೆ ಬನ್ನಿ," ಎಂದ. ಟೀಚರಮ್ಮ ಬಾಗಿಲಲ್ಲೇ ಅಡ್ಡ ನಿಂತರು.

"ಸಹಿ ಮಾಡಿ ತಗೊಂಡಿದ್ದೀನಿ. ಕೊಡಲ್ಲ."

"ಬೇಡ ಟೀಚರ್, ಹಣ್ಣಿನ ಬಣ್ಣ ಹೇಳಿದ್ರೆ ಸಾಕು."

"ಕೆಂಪು."

ಇನ್ನೆರಡು ಮನೆಗಳಲ್ಲಿ ಸಿಕ್ಕ ಟೊಮೇಟೊಗಳೂ ಕೆಂಪು. ಅಲ್ಲಿಗೆ ಅಡುಗೆಮನೆಯ ಮೂರೂ ಸಿಕ್ಕವು. ಉಳಿದವು ಬಾಮೈದನ ಮನೆಯದು, ಕಚೇರಿಯದು.

ಬಾಮೈದ ಅವನನ್ನು ಹಿತ್ತಲಿಗೆ ಕರೆದೊಯ್ದು, ಮಕ್ಕಳು ಸಾಕಿದ ಒಂದು ಬಿಳಿ ಮೊಲವನ್ನು ತೋರಿಸಿದ. "ಭಾವ, ಬದನೆ ಗಿಡ ಇಲ್ಲಿದೆ," ಎಂದು ಅದರ ಹೊಟ್ಟೆಯ ಕಡೆ ಕೈ ಮಾಡಿದ. "ಮೊದಲನೇ ವಾರವೇ ಹೋಯ್ತು. ನೀವು ಬೇಜಾರು ಮಾಡ್ಕೊತೀರಿ ಅಂತ ಹೇಳಲಿಲ್ಲ." ಮೊಲ ಕಡತಪ್ಪನನ್ನು ಶಾಂತವಾಗಿ ನೋಡಿತು. ಅದಕ್ಕೆ ಏನೂ ಆಗಿರಲಿಲ್ಲ.

ಕಚೇರಿಯ ಮೇಲಧಿಕಾರಿಗಳ ಕಿಟಕಿ ಖಾಲಿಯಿತ್ತು.

"ಚೆಂಡುಹೂ ಅಂದ್ರಿ. ದಿನಾ ನನ್ನ ಉಳಿದ ಟೀ ಹಾಕಿ ಸಾಕಿದೆ, ಸಕ್ಕರೆ ಸಮೇತ. ಒಂದು ಹೂ ಬಿಡಲಿಲ್ಲ. ಒಣಗಿತು, ಕಸಕ್ಕೆ ಹಾಕಿಸಿದೆ," ಎಂದರು ಅವರು ಕನ್ನಡಕ ತೆಗೆಯುತ್ತ. "ಅದಿರಲಿ. ಆ ಕುಂಡದ ಮೇಲೆ ನಮ್ಮ ರಜೆ ಫಾರಂ ಇತ್ತಲ್ಲ, ಅದು ಹೇಗೆ?"

"ಚಲಾವಣೆ ತಪ್ಪಿದ್ದು ಸರ್."

"ತಪ್ಪಿದ್ದರೂ ದಾಖಲೆ ದಾಖಲೆಯೇ ಅಂತ ನೀವೇ ಹೇಳ್ತಿದ್ರಿ. ನಾಳೆ ಲಿಖಿತ ವಿವರಣೆ ಕೊಡಿ."

ಅವನು ಆ ದಿನ ಮನೆಗೆ ನಡೆದುಕೊಂಡೇ ಬಂದ. ಮೆಟ್ಟಿಲಲ್ಲಿ ಮಾಲೀಕರು ಎದುರಾದರು. ಕಡತಪ್ಪನಿಗೆ ಇನ್ನೊಂದೇ ಆಸೆ ಉಳಿದಿತ್ತು.

"ಸರ್, ತಮ್ಮ ಮನೆಯಲ್ಲಿ ಗಿಡ ಏನಾದ್ರೂ..."

"ನನ್ನ ಮನೆಯಲ್ಲಿ ಗಿಡವಾ?" ಎಂದು ಮಾಲೀಕರು ಕೈಗಳನ್ನು ಬೆನ್ನ ಹಿಂದೆ ಸರಿಸಿದರು. "ರಿಜಿಸ್ಟರಿನಲ್ಲಿ ನನ್ನ ಹೆಸರಿದೆಯೇನು?"

"ಇಲ್ಲ ಸರ್."

"ಮತ್ತೆ?" ಎಂದು ಅವರು ಸರಸರನೆ ಹತ್ತಿಹೋದರು. ಅವರು ಹೋದ ಮೇಲೂ ಮೆಟ್ಟಿಲ ಮೇಲೆ ಘಮ್ಮೆಂದು ಟೊಮೇಟೊ ಎಲೆ ಹಿಸುಕಿದ ವಾಸನೆ ನಿಂತಿತ್ತು. ಕಡತಪ್ಪನ ಮೂಗು ಅದನ್ನು ಹಿಡಿಯಿತು. ಆದರೆ ರಿಜಿಸ್ಟರಿನಲ್ಲಿ ಅವರ ಹೆಸರು ನಿಜಕ್ಕೂ ಇರಲಿಲ್ಲ. ಆದ್ದರಿಂದ ಅವನು ವಾಸನೆಯನ್ನು ಬಿಟ್ಟುಕೊಟ್ಟ. ಇಷ್ಟೆಲ್ಲ ಆದ ಮೇಲೂ!

ಮರುದಿನ ಬೆಳಿಗ್ಗೆ ಅವನು ಖಾಲಿ ಡಬ್ಬಿ ಹಿಡಿದು ಕೆಳಗಿಳಿದ. ಹೆಂಡತಿಯೂ ಬಂದಳು. "ಕಡ್ಡಿ ನೆಟ್ಟವಳು ನಾನು," ಎಂದಳು. ಸಿಗ್ನಲಮ್ಮನ ಎದುರು ಇಬ್ಬರೂ ಕೂತು, ಮಾಯವಾದ ಹದಿನೇಳರಿಂದ ಮೊಲದ ಹೊಟ್ಟೆಯವರೆಗೆ, ಟೀ ಕುಡಿದು ಸತ್ತ ಗಿಡದವರೆಗೆ, ಒಂದನ್ನೂ ಮುಚ್ಚಿಡದೆ ಹೇಳಿದರು. ಟೀಯ ಪ್ರಸಂಗ ಬಂದಾಗ ತಾಯಿ ನಕ್ಕುಬಿಟ್ಟರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸಕ್ಕರೆ ಹಾಕಿದ್ರಂತಾ? ಇವರಿದ್ದಿದ್ರೆ ಎಷ್ಟು ನಗ್ತಿದ್ರು..." ಎಂದವರು ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ಮುಚ್ಚಿದರು. "ಹದಿನೇಳು ಹೋದಾಗಲೇ ಹೇಳಬೇಕಿತ್ತಪ್ಪ. ಬೀಜ ಹೋಗಿದ್ದಕ್ಕಲ್ಲ. ಎರಡು ತಿಂಗಳು ನಾನು ಆ ಬದನೆ ಜೊತೆ ಇವರ ಮಾತಾಡ್ತಾ ಕೂತಿದ್ದೆ."

ಕಡತಪ್ಪ ತಲೆ ತಗ್ಗಿಸಿದ. ಹೊರಗೆ ಮೆಲ್ಲಗೆ ಮಂಜು ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಎರಡನೇ ಮಹಡಿಯಿಂದ ಮೊದಲನೆಯದಕ್ಕೆ, ಅಲ್ಲಿ ಸ್ವಲ್ಪ ನಿಂತು, ಮತ್ತೆ ಕೆಳಕ್ಕೆ. ಬಾಗಿಲಲ್ಲಿ ಮಾಲೀಕರು ಕಾಣಿಸಿಕೊಂಡರು. ತೋಳಲ್ಲಿ ಒಂದು ಹಳೆಯ ಬಕೆಟ್ಟು. ಅದರಿಂದ ಸೊಂಟದೆತ್ತರದ ಗಿಡವೊಂದು ಅವರ ಭುಜದ ಮೇಲೆ ತಲೆಯಿಟ್ಟಿತ್ತು. ಎಲೆಗಳ ನಡುವೆ ನಾಲ್ಕು ಹಳದಿ ಹಣ್ಣು, ಪ್ರತಿಯೊಂದರ ಕೊರಳಲ್ಲೂ ಹಸಿರು ಪಟ್ಟಿ. ಬುಡದಲ್ಲೊಂದು ಐಸ್‌ಕ್ಯಾಂಡಿ ಕಡ್ಡಿ. ತೊಳೆಯದೆ, ಮಣ್ಣು ಮೆತ್ತಿಕೊಂಡು ನಿಂತಿದ್ದ ಆ ಕಡ್ಡಿಯ ಮೇಲೆ ಕಡತಪ್ಪನ ದುಂಡನೆಯ ಅಕ್ಷರದಲ್ಲಿ ಹದಿನೇಳು. ಇಪ್ಪತ್ನಾಲ್ಕರಲ್ಲಿ ನಿಜ ಹೇಳುತ್ತಿದ್ದುದು ಅದೊಂದೇ.

"ನೋಡ್ಕೊಳ್ಳಿ. ನಿಮ್ಮ ನಂಬರ್ ಸರಿ ಇದೆಯಾ," ಎಂದರು ಮಾಲೀಕರು ಕಡತಪ್ಪನಿಗೆ, ಎಂದಿನ ಗದರಿಕೆಯಲ್ಲೇ. ಆದರೆ ಕಣ್ಣು ಅವನ ಮೇಲಿರಲಿಲ್ಲ. ಬಕೆಟ್ಟನ್ನು ತಾಯಿಯ ಕಾಲ ಬಳಿ ಇಳಿಸಿದರು. "ನೀವು ಮೆಟ್ಟಿಲಲ್ಲಿ ಹೇಳಿದ್ದು ಕೇಳಿಸಿತ್ತು. ಏಳೇ ಬೀಜ ಉಳಿದಿದೆ ಅಂತ. ಮೆಟ್ಟಿಲ ಮೇಲೆ ಬೆಕ್ಕು ಓಡಾಡತ್ತೆ. ಈ ಮನುಷ್ಯ ದಿನಾ ಕುಂಡಗಳನ್ನ ಅತ್ತ ಇತ್ತ ಎಳೆದಾಡ್ತಾನೆ. ಒಂದಾದ್ರೂ ಬೇರೆ ಕಡೆ ಇರಲಿ ಅಂತ..." ಅವರು ಬಕೆಟ್ಟಿನ ಅಂಚಿನ ಮಣ್ಣನ್ನು ಬೆರಳಿಂದ ಒರೆಸಿದರು. "ನಮ್ಮ ತಾರಸಿ ಅವತ್ತು ಸೋರ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ನೀರಿನ ಪೈಪು ಒಡೆದಿತ್ತು. ಹೇಳೋಣ ಅನ್ನೋಷ್ಟರಲ್ಲಿ ಅವರು ಹೋಗಿಬಿಟ್ಟಿದ್ರು."

ತಾಯಿ ಕೈ ಚಾಚಿ ಒಂದು ಎಲೆ ಹಿಡಿದು, ಹಗುರವಾಗಿ ಹಿಸುಕಿ, ಬೆರಳನ್ನು ಮೂಗಿಗೆ ಹಿಡಿದರು. ಬಹಳ ಹೊತ್ತು ಹಾಗೆಯೇ ಕೂತರು. ಕಡತಪ್ಪ ಅಭ್ಯಾಸ ಬಲದಿಂದ, ಇದಕ್ಕೊಂದು ಸಹಿ ಬೇಕಲ್ಲ ಎಂದು ಬಾಯಿ ತೆರೆದ. ಹೆಂಡತಿ ಅವನ ಕಡೆ ಒಮ್ಮೆ ನೋಡಿದಳು. ಮುಚ್ಚಿದ.

ಮಾಲೀಕರು ಜೇಬಿಗೆ ಕೈ ಹಾಕಿ ಒಂದು ಕೀಲಿ ತೆಗೆದರು. ಅದರ ಉಂಗುರದಲ್ಲಿ ದುಂಡನೆಯ ಹಿತ್ತಾಳೆಯ ರೈಲ್ವೆ ಬಿಲ್ಲೆ. ಎಂಟು ವರ್ಷದಲ್ಲಿ ಒಮ್ಮೆಯೂ ಕಪ್ಪಾಗಲು ಬಿಟ್ಟಿರಲಿಲ್ಲವೆಂಬಂತೆ ಅದು ಹೊಳೆಯುತ್ತಿತ್ತು. ಬಗ್ಗಿ ಅದನ್ನು ತಾಯಿಯ ಅಂಗೈಯಲ್ಲಿಟ್ಟು, ತಮ್ಮ ಎರಡೂ ಕೈಯಿಂದ ಅವರ ಬೆರಳುಗಳನ್ನು ಮೆಲ್ಲಗೆ ಮುಚ್ಚಿದರು.